ಆರುನೂರು ಪದ

ಆರುನೂರು ಪದ, ಒಂದೂ ಹೆಚ್ಚಾಗಬಾರದು,
ಅಂದಿದ್ದಾರೆ ಗುರುಬಸಪ್ಪನವರು.
ನೌಕರರ ಮಾಸಪತ್ರಿಕೆಯ ಹದಿನಾಲ್ಕನೇ ಪುಟ,
ಎಡಗಡೆ ನಾನು, ಮೂಲೆಯಲ್ಲಿ ನನ್ನ ಫೋಟೋ,
ಬಲಗಡೆ ಕುಕ್ಕರಿನ ಜಾಹೀರಾತು.
ನಾನು ಬರೆದದ್ದು ಎಂಟುನೂರ ಮೂವತ್ತೆರಡು.

ಎಣಿಸುವುದು ನನಗೆ ಹೊಸದಲ್ಲ.
ಇಪ್ಪತ್ತೊಂದು ವರ್ಷದಿಂದ ಎಣಿಸುತ್ತಿದ್ದೇನೆ,
ತಲೆ, ಟಿಕೆಟ್ಟು, ಚಿಲ್ಲರೆ,
ಮೆಜೆಸ್ಟಿಕ್ಕಿಗೆ ಮುಂಚೆ ಇನ್ನೆಷ್ಟು ಸಿಗ್ನಲ್ಲು.
ಚಿಲ್ಲರೆಯಾದರೆ ಚೀಲದಲ್ಲಿ ಸುಮ್ಮನೆ ಕೂತಿರುತ್ತದೆ.
ಪದಗಳು ಫುಟ್‌ಬೋರ್ಡಿಗೆ ಜೋತುಬಿದ್ದ ಹುಡುಗರು,
ಒಳಗೆ ಬನ್ನಿ ಅಂದರೆ ಬರುವುದಿಲ್ಲ,
ಇಳೀರಿ ಅಂದರೆ ಇಳಿಯುವುದಿಲ್ಲ.

ಲಗ್ಗೆರೆಯಲ್ಲಿ ರಾತ್ರಿ ಹತ್ತೂವರೆ.
ನೀರು ಬಿಟ್ಟಿದ್ದಾರೆ, ತಲೆಯ ಮೇಲೆ ಸಿಂಟೆಕ್ಸ್ ತುಂಬುವ ಸದ್ದು.
ಹಳೇ ವೇಬಿಲ್ಲುಗಳ ಬೆನ್ನಲ್ಲಿ ಬರೆದದ್ದನ್ನು ನಾನು ಓದುತ್ತೇನೆ,
ನಿಶ್ಚಿತಾ ಫೋನಿನಲ್ಲಿ ಒತ್ತುತ್ತಾಳೆ, ಆಕಳಿಸುತ್ತಾ.
"ಅಮ್ಮಾ, ಪ್ರಾತಃಕಾಲದ ಹೊಂಬಿಸಿಲು ಅಂದ್ರೆ?
ನಾಲ್ಕೂಕಾಲಿಗೆ ಎಲ್ಲಿತ್ತು ಬಿಸಿಲು?"
ನಿಜ. ಹೊಡೆದು ಹಾಕಿದೆ. ಎರಡು ಪದ ಉಳಿತಾಯ.
ಮಹಾನಗರದ ಜೀವನಾಡಿ ಹೋಯಿತು.
ಎಂದರೆ ಅತಿಶಯೋಕ್ತಿಯಾಗಲಾರದು ಹೋಯಿತು,
ಬರೆಯುವಾಗ ಎಷ್ಟು ಜಂಬಪಟ್ಟಿದ್ದೆ ಅದಕ್ಕೆ.
ಡಿಪೋ ಮ್ಯಾನೇಜರರಿಗೆ ಹೇಳಿದ ವಂದನೆ
ಅರ್ಧಕ್ಕಿಳಿಯಿತು. ಅರ್ಧ ಬೇಕೇ ಬೇಕು,
ರಜಾ ಚೀಟಿಗೆ ಸಹಿ ಹಾಕುವವರು ಅವರೇ.

ಆಮೇಲೆ ಮುನಿತಾಯಮ್ಮ.

ಮಾರ್ಕೆಟ್ಟಿನಿಂದ ಮೊದಲ ಟ್ರಿಪ್ಪು. ಎರಡು ಮಂಕರಿ,
ಒಂದರಲ್ಲಿ ಕನಕಾಂಬರ, ಒಂದರಲ್ಲಿ ಕಾಕಡ,
ಮೇಲೆ ಒದ್ದೆ ಗೋಣಿ.
ಬಾಗಿಲ ಪಕ್ಕದ ಸೀಟಿನಡಿ ಮೊಣಕಾಲಲ್ಲಿ ತಳ್ಳುತ್ತಿದ್ದಳು,
ಹಟದ ಕರುವನ್ನು ಕೊಟ್ಟಿಗೆಗೆ ತಳ್ಳುವ ಹಾಗೆ.
ಲಗೇಜು ಟಿಕೆಟ್ಟು ನಾನು ಹರಿಯಲಿಲ್ಲ.
ಒಂದು ದಿನವಲ್ಲ, ಆರು ವರ್ಷ.
ಅವಳು ಕೊಡಲೊಲ್ಲೆ ಅಂದದ್ದಲ್ಲ. ನಾನು ಕೇಳಲಿಲ್ಲ.
ಇಳಿಯುವಾಗ ಒಂದು ಗೇಣು ಕನಕಾಂಬರ
ನನ್ನ ಚೀಲದ ಪಟ್ಟಿಗೆ ಸಿಕ್ಕಿಸಿ ಹೋಗುತ್ತಿದ್ದಳು.
ಅದನ್ನು ಲಂಚ ಅನ್ನುತ್ತಾರೋ ಏನೋ.
ಈಗಿದ್ದರೆ ಅವಳಿಗೂ ಸೊನ್ನೆಯ ಟಿಕೆಟ್ಟು,
ಮಂಕರಿಗೆ ಮಾತ್ರ ಕಾಸು.
ಅವಳು ಬರುವುದು ನಿಂತದ್ದು ಯಾಕೆಂದು ಬರೆದಿಲ್ಲ.
ಗೊತ್ತಿಲ್ಲ.

"ಇದನ್ನ ತೆಗಿ," ಅಂದಳು ನಿಶ್ಚಿತಾ,
"ಚೆಕಿಂಗಿನವರೂ ಓದ್ತಾರೆ."
ತೆಗೆದಳು. ಆರುನೂರ ಮೂರಕ್ಕೆ ಬಂತು.
ಮೂರು ಪದ ಎಲ್ಲಾದರೂ ಉದುರಿಸಬಹುದು.
ಮೊದಲಿಂದ ಓದಿಸಿದೆ.
ಮುನಿತಾಯಮ್ಮ ಹತ್ತಿದಳು, ಕೂತಳು, ಇಳಿದಳು,
ಬರಿಗೈ ಬೀಸಿಕೊಂಡು.
ಬಸ್ಸಿನಲ್ಲಿ ಡೀಸೆಲ್ಲಿನದು ಬಿಟ್ಟು ಬೇರೆ ವಾಸನೆಯೇ ಇಲ್ಲ.

"ಒಬ್ಬ ಕಂಡಕ್ಟರ್ ಹರಿಯಲಿಲ್ಲ ಅಂತ ಮಾಡೋಣ,
ಯಾರೋ ಒಬ್ಬರು?"
ಯಾರೋ ಒಬ್ಬರಿಗೆ ಯಾಕಮ್ಮಾ ಹೂವು ಸಿಕ್ಕಿಸುತ್ತಾಳೆ ಅವಳು.

ಟ್ಯಾಂಕು ತುಂಬಿ ಚೆಲ್ಲತೊಡಗಿತು. ಮೋಟರು ಆರಿಸಲು ಹೋದವಳು
ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತೆ.
ಎಷ್ಟಾಗಬಹುದು ಬಾಕಿ, ಲೆಕ್ಕ ಹಾಕಿದೆ,
ವಾರಕ್ಕೆ ಆರು ದಿನ, ಎರಡೆರಡು ಮಂಕರಿ,
ಕೈಬಿಟ್ಟೆ.

ಕೆಳಗೆ ಬಂದು ನನ್ನ ಮೊದಲ ದಿನದ ಕತೆ ಕಿತ್ತೆ,
ಬೆಳ್ಳಿ ಪದಕ ಕಿತ್ತೆ, ಅದು ಕೊಟ್ಟ ಸಚಿವರನ್ನೂ.
ಆದರೂ ನಲವತ್ತು ಹೆಚ್ಚಾಯಿತು.
ಗುರುಬಸಪ್ಪನವರಿಗೆ ಬರೆಸಿದೆ: ಫೋಟೋ ಬೇಡ ಸಾರ್,
ಆ ಜಾಗದಲ್ಲಿ ನಲವತ್ತು ಪದ ಕೂತುಕೊಳ್ಳುತ್ತವೆ,
ಒತ್ತೊತ್ತಿಗೆ.
"ಕಳಿಸ್ಲಾ?" ಅಂದಳು. ತಲೆ ಆಡಿಸಿದೆ,
ಮಾತಲ್ಲಿ ಹೂಂ ಅನ್ನಲಿಲ್ಲ.

ಬೆಳಗ್ಗೆ ಡ್ಯೂಟಿಯಲ್ಲಿರುವಾಗ ಅವರ ಫೋನು.
ಗದಗಿನ ಕಡೆಯವರು.
"ಎಲ್ಲಾ ಚಲೋ ಐತಿ. ಒಂದ ಮಾತು,
ಮಂಕರಿ ಅಂದ್ರ ಏನ್ರಿ? ಬುಟ್ಟಿ ಅಂತ ಮಾಡ್ಲೇನು?"
ರಾಜಾಜಿನಗರದ ಎಂಟ್ರೆನ್ಸ್, ನಿಂತವರು ನಲವತ್ತು ಜನ,
ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿ ಅಂದೆ:
ಬೇಡ ಸಾರ್. ಬುಟ್ಟಿಯಾದರೆ ತೊಡೆ ಮೇಲೆ ಇಟ್ಟುಕೊಂಡು ಕೂರಬಹುದು,
ಲಗೇಜು ಬೀಳುವುದು ಮಂಕರಿಗೇ.
ಹಾಗೇ ಇರಲಿ.