ಹೆಪ್ಪು

ಮಂಡ್ಯದ ಗುತ್ತಲು ರಸ್ತೆ, ಭಾನುವಾರ, ಶಾಲೆಯ ಎರಡನೇ ಕೊಠಡಿ.
ಗೋಡೆಯ ಕಾಗುಣಿತದ ಕೆಳಗೆ ಮೂರು ಎಕ್ಸ್‌ಟೆನ್ಷನ್ ಬಾಕ್ಸು,
ಕಿಟಕಿ ತೆರೆದರೆ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ.
ಹಲಗೆಯ ಮೇಲೆ ಲಿಂಗರಾಜು 'ಉಚಿತ' ಎಂದು ಬರೆದ,
ತಬಸ್ಸುಮ್ ಒರೆಸಿ 'ಮುಕ್ತ' ಎಂದು ತಿದ್ದಿದಳು.
ಸೀಮೆಸುಣ್ಣ ಪೂರ್ತಿ ಹೋಗಲಿಲ್ಲ,
ದಿನವಿಡೀ ಎರಡೂ ಓದಿಸಿಕೊಂಡವು.

ಮೊದಲು ಬಂದವರು ಬಾಗಿಲಲ್ಲೇ ನಿಂತು ಕೇಳಿದರು:
"ಯಾವ ಪಾರ್ಟಿಯೋರಪ್ಪ? ಎಲೆಕ್ಷನ್ ಇನ್ನೂ ದೂರ ಅದಲ್ಲ?"
ಬಿಟ್ಟಿ ಕೊಡುವವನ ಜೇಬು ನೋಡುವುದು ನಮ್ಮ ಸೀಮೆಯ ವಿವೇಕ.
ತಪ್ಪೇನಿಲ್ಲ. ಟೀವಿ ರಿಪೇರಿ ಮಾಡಿಕೊಂಡಿದ್ದ ನಾನೂ
ಆರು ವರ್ಷದ ಹಿಂದೆ ಇದನ್ನೇ ಕೇಳಿದ್ದೆ.

ಬಂದವು ಒಂದೊಂದೇ:
ಕೀಲು ಮುರಿದು ರಬ್ಬರ್ ಬ್ಯಾಂಡ್ ಕಟ್ಟಿಸಿಕೊಂಡದ್ದು,
ಫ್ಯಾನಿನೊಳಗೆ ಜೇಡ ಸಂಸಾರ ಹೂಡಿದ್ದು,
ಎದ್ದು ಕೂರಲು ಎರಡು ಲೋಟ ಕಾಫಿಯಷ್ಟು ಹೊತ್ತು ಬೇಡುವಂಥದ್ದು.
ಶ್ರದ್ಧಾಂಜಲಿ ಫ್ಲೆಕ್ಸು ಮಾಡುವ ಜವರಪ್ಪ
ಹಳೇ ಫಾಂಟಿನ ಕಡತಗಳನ್ನು ತಂದ. ತೆರೆದರೆ
ಸತ್ತವರ ಹೆಸರೆಲ್ಲ ಚುಕ್ಕೆ, ಗೀಟು, ಡಾಲರು.
"ಹೋದ್ಮೇಲೂ ನೆಮ್ಮದಿ ಇಲ್ಲ ನೋಡಿ" ಅಂದ.
ತಬಸ್ಸುಮ್ ಯೂನಿಕೋಡಿಗೆ ದಾಟಿಸಿದಳು. ದಾರಿಯಲ್ಲಿ
ಒತ್ತಕ್ಷರಗಳು ಜಾರಿ ಬಿದ್ದವು. ಒಂದೊಂದಾಗಿ
ಕೈಯಲ್ಲೇ ಎತ್ತಿ ಕೂರಿಸಿದೆವು,
ನಲವತ್ತೊಂದು ಜನರನ್ನು.

ಮೂರರ ಮೇಲೆ ದೇವೀರಮ್ಮ, ಹಾಲಿನ ಡೈರಿ ಕಾರ್ಯದರ್ಶಿ.
ಲ್ಯಾಪ್‌ಟಾಪಿಗೆ ಟವೆಲು, ಟವೆಲಿಗೆ ಗೊಬ್ಬರದ ಚೀಲ.
ಒಳಗೆ ಲೀಟರು, ಫ್ಯಾಟು, ಬಟವಾಡೆ, ಒಂಬತ್ತು ವರ್ಷದ ಲೆಕ್ಕ.
ಪರದೆ ಕೇಳಿತು: ಡಿಸ್ಕ್ ಪೂರಾ ಅಳಿಸಲೇ?
ಆಕೆಯ ಕೈ ನನ್ನ ಕೈಮೇಲೆ ಬಿತ್ತು.
"ಊರ ಹಾಲೆಲ್ಲ ಅದ್ರೊಳ್ಗೇ ಅದೆ ಕಣಪ್ಪ!"

ಇನ್ನೊಂದು ಕಡೆ ನಕಲು ಇಟ್ಟಾಗಿದೆ ಎಂದೆ. ನಂಬಲಿಲ್ಲ.
ತೆಗೆದು ತೋರಿಸು ಅಂದಳು.
ಹೋದ ಯುಗಾದಿಯ ವಾರ ತೆರೆದೆ. ಬೆರಳಿಟ್ಟು ಓದಿದಳು:
ಮಂಚಮ್ಮ ನಾಲ್ಕೂವರೆ, ಬೋರಯ್ಯ ಎರಡು,
ಬೋರಯ್ಯನ ಸೊಸೆ, ಬೇರೆ ಒಲೆ ಹೂಡಿದವಳು, ಎರಡು.
ಎಲ್ಲರೂ ಇದ್ದರು. "ಒತ್ತು ಮತ್ತೆ" ಅಂದಳು.

ಒತ್ತಿದೆ. ಹಸಿರು ಗೆರೆ ತೆವಳತೊಡಗಿತು.
ಇಪ್ಪತ್ತು ನಿಮಿಷ ಸುಮ್ಮನೆ ಕೂರುವುದೂ ಈ ಕೆಲಸದ ಭಾಗ,
ಅದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ.

"ಇದ್ನ ಮಾಡ್ದೋರು ಯಾರು?"
ಹೇಳಹೊರಟೆ: ಊರು ಗೊತ್ತಿಲ್ಲದ, ಮುಖ ಗೊತ್ತಿಲ್ಲದ ಸಾವಿರ ಜನ,
ಯಾರು ಬೇಕಾದರೂ ತಿದ್ದಬಹುದು, ಹಂಚಬಹುದು,
ಕೊಟ್ಟರೂ ಕೊಟ್ಟವರಲ್ಲಿ ಕಡಿಮೆಯಾಗದ…
ಮಾತು ತೊಡರಿತು. ಆ ಬೆಂಚಿನಿಂದ ಲಿಂಗರಾಜು ನಕ್ಕ.
ಟವೆಲು ಮಡಿಸುತ್ತ ಆಕೆಯೇ ಅಂದಳು:
"ಹೆಪ್ಪು ಕೊಟ್ಟಂಗೆ ಅನ್ನು.
ಪಕ್ಕದ್ಮನೇಲಿ ಒಂದ್ ಚಮಚ ಇಸ್ಕತೀವಿ,
ಅವ್ರು ಎಲ್ಲಿ ಇಸ್ಕಂಡಿದ್ರೋ.
ಮೊದ್ಲು ಹೆಪ್ಪಾಕ್ದೋರು ಯಾರು ಅಂತ
ಮಜ್ಗೆ ಕುಡಿವಾಗ ಯಾರ್ ಕೇಳಾರು?"

ಆರು ವರ್ಷದಿಂದ ನಾವು ಹಲಗೆಯ ಮೇಲೆ
ಬಾಣ ಬಿಡಿಸಿ, ಚೌಕ ಬಿಡಿಸಿ ಹೇಳುತ್ತಿದ್ದೆವು.

ಮುಗಿಯಿತು ಅನ್ನುವಾಗ ವೈಫೈ ಕೈಕೊಟ್ಟಿತು.
ಆ ಕಾರ್ಡಿನ ಗುಟ್ಟನ್ನು ಅದರ ಕಂಪನಿ ಹೊರಗೆ ಬಿಟ್ಟಿಲ್ಲ.
"ಹೆಪ್ಪು ಕೊಡದ ಮನೆ" ಎಂದಳು ತಬಸ್ಸುಮ್.
ಸದ್ಯಕ್ಕೊಂದು ವೈರು ಕೊಟ್ಟೆವು, ಮುಂದಿನ ಭಾನುವಾರ
ಸರಿಮಾಡುತ್ತೇವೆ ಎಂದೆವು. ಸುಳ್ಳಲ್ಲ,
ಪೂರ್ತಿ ನಿಜವೆಂದು ಆಣೆ ಇಡಲಾರೆ.

ಅಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿಯ ನೀಲಿ ಬೆಳಕಲ್ಲಿ
ಪಾಸ್‌ವರ್ಡನ್ನು ನನ್ನ ಕಿವಿಗೆ ಉಸುರಿದಳು.
ಯಾವುದೋ ಎಮ್ಮೆಯ ಹೆಸರು, ಇಷ್ಟು ಸಾಕು.
ಅದೊಂದು ಮುಕ್ತವಲ್ಲ.

ಹೊರಟಾಗ ಪೆನ್‌ಡ್ರೈವ್ ಚಾಚಿದೆ:
ಪಕ್ಕದೂರಿನ ಡೈರಿಯವರಿಗೂ ಬೇಕಾದರೆ ಹಾಕಿಕೊಡಿ.
ಕೈ ಹಿಂದಕ್ಕೆಳೆದುಕೊಂಡಳು.
"ದೀಪ ಹಚ್ಚಿದ್ಮೇಲೆ ಹೆಪ್ಪು ಇಸ್ಕಬಾರ್ದು ಕಣಪ್ಪ."
ಬಾಗಿಲಿಗೆ ಹೋಗಿ ಬೀದಿಯ ಉದ್ದಕ್ಕೂ ನೋಡಿದಳು,
ಈ ತುದಿ, ಆ ತುದಿ.
"ಎಲ್ಲಿ ಹಚ್ಚವ್ರೆ, ತಗೊ" ಎಂದು ಇಸಿದುಕೊಂಡು
ಸೆರಗಿನ ತುದಿಯಲ್ಲಿ ಗಂಟು ಹಾಕಿದಳು.