ತಲೆಲೆಕ್ಕ

(ಸೇಂಟ್ ಥಾಮಸ್ ದ್ವೀಪದ ಬಂದರು, ೧೯೧೭)

ಶನಿವಾರ ನಮ್ಮನ್ನು ಮಾರಿದರು.
ಇಳಿಹೊತ್ತು. ಎರಡು ಸಾಲು ಸಿಪಾಯಿಗಳು, ನಡುವೆ ಕಂಬ.
ಬಿಳಿ ಶಿಲುಬೆಯ ಕೆಂಪು ಬಾವುಟ ಇಳಿಯಿತು,
ಚುಕ್ಕಿಗಳದ್ದು ಏರಿತು.
ಪಾದ್ರಿಯ ಹೆಂಡತಿ ಕರವಸ್ತ್ರ ಕಚ್ಚಿಕೊಂಡು ಅತ್ತಳು.
ನಾನು ಅಳಲಿಲ್ಲ; ನನಗೆ ಕಂಡದ್ದು
ಮುಂದೆ ನಿಂತವರ ಟೋಪಿಗಳು ಮಾತ್ರ.

ಎರಡೂವರೆ ಕೋಟಿ ಡಾಲರ್, ಚಿನ್ನದಲ್ಲಿ, ಅಂದರು
ಶಾಲೆಯ ಹೇಲಿಗರ್ ಮೇಷ್ಟ್ರು.
ಮೂರು ದ್ವೀಪ, ಕಬ್ಬಿನ ಗಾಣ, ಕಳೆದ ಅಕ್ಟೋಬರಿನ
ಬಿರುಗಾಳಿ ಕಿತ್ತೊಯ್ದ ಚಾವಣಿಗಳ ಸಮೇತ.
ಅಲ್ಲಿ ಡೆನ್ಮಾರ್ಕಿನಲ್ಲಿ ಅವರವರೇ ಮತ ಹಾಕಿಕೊಂಡರಂತೆ
ಕೊಡುವುದೋ ಬಿಡುವುದೋ ಎಂದು.
ನಮ್ಮನ್ನು ಕೇಳಲಿಲ್ಲ. ಸಂತೆಯಲ್ಲಿ
ಮೇಕೆಯ ಹಲ್ಲು ನೋಡುತ್ತಾರೆ,
ಅಭಿಪ್ರಾಯ ಕೇಳುತ್ತಾರೆಯೇ?

ಇಪ್ಪತ್ತಾರು ಸಾವಿರ ಜನ. ಮೇಷ್ಟ್ರು ಸ್ಲೇಟಿನಲ್ಲಿ ಭಾಗಿಸಿದರು:
ತಲೆಗೆ ಒಂಬೈನೂರ ಅರವತ್ತು, ಚಿಲ್ಲರೆ.
'ತಲೆಗೆ' ಅಂದರಲ್ಲ,
ನನ್ನ ಕೈ ತಾನಾಗಿ ನೆತ್ತಿಗೆ ಹೋಯಿತು.
ಸಿಂಬಿ ತಿಕ್ಕಿ ತಿಕ್ಕಿ ಅಲ್ಲಿ ಕೂದಲಿಲ್ಲ,
ಬೆಳ್ಳಿ ಡಾಲರಿನಷ್ಟಗಲ ಬೋಳು.

ನನ್ನ ಅಜ್ಜಿಗೆ ತನ್ನ ಬೆಲೆ ಬಾಯಿಪಾಠವಿತ್ತು.
ಇನ್ನೂರ ಎಂಬತ್ತು. ಹೊಲಿಗೆ ಬಲ್ಲಳೆಂದು ಹತ್ತು ಜಾಸ್ತಿ.
ಸಾಯುವ ಕಾಲಕ್ಕೆ ಮಕ್ಕಳ ಹೆಸರು ಮರೆತಳು,
ಅದನ್ನು ಮರೆಯಲಿಲ್ಲ.

ನನಗೆ ಗೊತ್ತಿರುವುದು ಕಲ್ಲಿದ್ದಲು.
ಬುಟ್ಟಿ ಹೊತ್ತು ಹಲಗೆ ಹತ್ತು, ಹಡಗಿನ ಹೊಟ್ಟೆಗೆ ಸುರಿ,
ಇಳಿಯುವಾಗ ಗುಮಾಸ್ತನಿಂದ ಹಿತ್ತಾಳೆ ಬಿಲ್ಲೆ.
ಬುಟ್ಟಿಗೊಂದು ಬಿಲ್ಲೆ, ಬಿಲ್ಲೆಗೊಂದು ಸೆಂಟ್.
ರಾತ್ರಿ ಮಲಗಿದಲ್ಲೇ ಗುಣಿಸಿದೆ:
ನನ್ನ ತಲೆಯ ಬೆಲೆ ತೊಂಬತ್ತಾರು ಸಾವಿರ ಬುಟ್ಟಿ.
ಹದಿನೆಂಟು ವರ್ಷ, ವಾರಕ್ಕೆ ಎರಡು ಹಡಗು,
ಹಡಗಿಗೆ ಅರವತ್ತು, ಎಪ್ಪತ್ತು…
ಎಂದೋ ತೀರಿದೆಯಲ್ಲ!
ಕಿರಿಯವಳು ಹುಟ್ಟಿದ ವರ್ಷವೋ, ಮರುವರ್ಷವೋ,
ನನ್ನನ್ನು ನಾನೇ ಕೊಂಡು ಮುಗಿಸಿದ್ದೇನೆ.
ಆಮೇಲಿನ ಬುಟ್ಟಿಗಳು ಯಾರ ಖಾತೆಗೆ?
ಬೆಳಗ್ಗೆ ಕೇಳಬೇಕು ಅಂದುಕೊಂಡೆ.
ಯಾರನ್ನು?

ವಾರ ತುಂಬಲಿಲ್ಲ. ಶುಭ ಶುಕ್ರವಾರ
ನಮ್ಮನ್ನು ಕೊಂಡವರು ಯುದ್ಧಕ್ಕೆ ಇಳಿದರು.
ಜರ್ಮನರ ಮೇಲೆ. ಅಂದರೆ ನಮ್ಮ ಗುಮಾಸ್ತನ ಮೇಲೆ.
ಲುಡೋಲ್ಫ್ ಎಂದು, ತೆಳ್ಳನೆಯ ಮನುಷ್ಯ, ಬಿಲ್ಲೆಯನ್ನು
ಬೆರಳು ತಾಗದ ಹಾಗೆ ಮೇಲಿನಿಂದ ಬೀಳಿಸುತ್ತಿದ್ದ.
ಬಂದೂಕಿನ ಹುಡುಗರಿಬ್ಬರು ಅವನನ್ನು ಕರೆದೊಯ್ದರು.
ಅರ್ಧ ತಿಂದ ಬ್ರೆಡ್ಡು ಮೇಜಿನ ಮೇಲೇ ಉಳಿಯಿತು.
ಕಂಪನಿಯ ಬಾಗಿಲಿಗೆ ಅರಗಿನ ಮೊಹರು.

ನನ್ನ ಮಂಚದಡಿ ಬಿಸ್ಕತ್ತಿನ ಡಬ್ಬ,
ಅದರೊಳಗೆ ನಾನೂರ ಹನ್ನೆರಡು ಬಿಲ್ಲೆ.
ಈಸ್ಟರಿಗೆ ಆಲ್ಫೋನ್ಸನಿಗೆ ಬೂಟು ಆಗಬೇಕಿತ್ತು.
ಹೊಸ ಅಧಿಕಾರಿ ಒಂದನ್ನೆತ್ತಿ ಹಿಂದೆಮುಂದೆ ನೋಡಿದ.
'ಇದು ಶತ್ರುವಿನದು' ಅಂದ. ಒರಟಾಗೇನೂ ಅಲ್ಲ.
'ಕತ್ತು ನನ್ನದು, ಸ್ವಾಮಿ' ಅಂದೆ.
ಅವನಿಗೆ ನನ್ನ ಮಾತು ತಿಳಿಯಲಿಲ್ಲ,
ಅಥವಾ ತಿಳಿದು, ಬರೆದುಕೊಳ್ಳಲು
ಅವನ ಪುಸ್ತಕದಲ್ಲಿ ಕಾಲಂ ಇರಲಿಲ್ಲ.
'ಹಾಗಾದರೆ ನಾನೀಗ ಅಮೆರಿಕದವಳೋ?'
'ದ್ವೀಪ ಅಮೆರಿಕದ್ದು' ಅಂದ.
ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ.
'ನೀನು… ಅದಿನ್ನೂ ತೀರ್ಮಾನವಾಗಿಲ್ಲ.'

ಆ ರಾತ್ರಿಯೇ ಬೂದು ಬಣ್ಣದ ಹಡಗೊಂದು ಸಿಳ್ಳೆ ಹಾಕಿತು.
ಯುದ್ಧಕ್ಕೆ ಹೊರಟದ್ದು. ಅದಕ್ಕೂ ಹಸಿವು.
ಸಿಂಬಿ ಸುತ್ತಿದೆ. ಹಲಗೆ ಅದೇ,
ಏಳನೇ ಹೆಜ್ಜೆಗೆ ಬಾಗುವ ಅದೇ ಹಲಗೆ.
ಲಾಟೀನು ಹಿಡಿದು ಹಿಂದೆ ಬರುತ್ತಿದ್ದ ಕ್ಲೋಟಿಲ್ಡಾ
ಕೂಗಿ ಕೇಳಿದಳು: 'ಏನೇ ಅದು,
ತುಟಿ ಅಲ್ಲಾಡಿಸ್ತಿದ್ದೀಯ, ಪ್ರಾರ್ಥನೆಯಾ?'

ಅಲ್ಲ ಕಣೇ, ತಡೆ, ಲೆಕ್ಕ ತಪ್ಪುತ್ತೆ.
ನನ್ನ ತಲೆ ತೀರಿತು.
ಇದು ಆಲ್ಫೋನ್ಸನದು.
ಮೂರು.