ಪಾತ್ರದ ಪೂರ್ವಾಶ್ರಮ

ಚಿಲೊಯೆ ದ್ವೀಪದಲ್ಲಿ, ಕಡಲಿಗೇ ಕಂಬ ನೆಟ್ಟು ಕಟ್ಟಿದ ಮನೆ.
ಹಲಗೆಯ ಸಂದಿಯಲ್ಲಿ ಉಬ್ಬರ ಬಂದದ್ದು ಕೇಳುತ್ತದೆ,
ಯಾರೋ ತಡವಾಗಿ ಬಂದು ಕಾಲು ತೊಳೆಯುತ್ತಿರುವ ಹಾಗೆ.
ಹಗಲು ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುವವಳು ನಾನು,
ಗುರುವಾರ ರಾತ್ರಿ ಲೋಕಪಾಲಕಿ:
ಒಂಬತ್ತು ರಾಜ್ಯ, ಎರಡು ಚಂದ್ರ,
ಇಪ್ಪತ್ತು ಮುಖದ ಒಂದು ದಾಳ.

"ನಿಮ್ಮ ಪಾತ್ರ ಹೊರಗಿನವನಾಗಿರಲಿ" ಅಂದಿದ್ದೆ ಮೊದಲ ದಿನವೇ.
"ಊರಿಗೆ ಸಲ್ಲದವನೇ ಕಥೆಗೆ ಸಲ್ಲುವವನು.
ಎಲ್ಲಿಂದ ಬಂದ, ಯಾಕೆ ಬಿಟ್ಟ,
ಬಿಟ್ಟರೂ ಬಿಡದೆ ಬೆನ್ನಿಗೆ ಬಂದದ್ದೇನು, ಬರೆದು ತನ್ನಿ.
ಸುಟ್ಟ ಹಳ್ಳಿ ಮಾತ್ರ ಬೇಡ. ಸತ್ತ ಅಪ್ಪ ಅಮ್ಮ ಬೇಡ.
ಹೋದ ವರ್ಷ ಹನ್ನೊಂದು ಹಳ್ಳಿ ಸುಟ್ಟಿದ್ದೀರಿ,
ಬೂದಿ ಗುಡಿಸಿ ಗುಡಿಸಿ ನನಗೆ ಸಾಕಾಗಿದೆ."

ತಂದರು.
ಯೆರ್ಕೊನದು, ಕೊಂಬಿಲ್ಲದ ಕುಲದಲ್ಲಿ ಕೊಂಬು ಮೊಳೆತವನು.
ಮಿಯಾರಾಯಳದು ಜೌಗುನೆಲದ ಹುಡುಗಿ;
ಉಪ್ಪು ಅನ್ನುವ ಪದ ಅವಳ ಭಾಷೆಯಲ್ಲಿಲ್ಲ,
ಅತ್ತಾಗ ತುಟಿಗೆ ಬಂದದ್ದು ಏನೆಂದು ಹೇಳಲಾರಳು.
(ಇದರ ಅಂಚಿಗೆ ಎರಡು ಗೀಟು ಎಳೆದೆ.)
ರೊಸಾಮೆಲನಿಗೆ ಬಿಡುವಿರಲಿಲ್ಲ,
ನಾನೇ ಬರೆದುಕೊಟ್ಟೆ ಮೂರು ಪುಟ:
ಗಡಿ ದಾಟುವಾಗ ಹೆಸರನ್ನೇ ಸುಂಕ ಕೊಟ್ಟ ಸೈನಿಕ.
ಆ ಹೆಸರು ಈಗ ಬೇರೆ ಯಾರದೋ ಮೈಮೇಲಿದೆ,
ಸಂತೆಯಲ್ಲಿ ಯಾರಾದರೂ ಕೂಗಿದರೆ
ಇವನ ಕತ್ತೂ ತಿರುಗುತ್ತದೆ.

ವಿಲ್ನೇರ್ ತಂದದ್ದು ಒಂದೇ ಸಾಲು.
ಸಾಲ್ಮನ್ ಕಾರ್ಖಾನೆಯ ಪಾಳಿ ಮುಗಿಸಿ ನೇರ ಬಂದಿದ್ದ,
ಎಷ್ಟು ತೊಳೆದರೂ ಬೆರಳಿಗೆ ಮೀನಿನ ಕಮಟು.
"ಕಸುಬು: ರೊಟ್ಟಿ ಸುಡುವುದು. ಹುಟ್ಟೂರು: ಇದೇ."

ಇದೇ ಅಂದರೆ?
"ಕಥೆ ಶುರುವಾಗುವ ಊರು. ನೀವೆಲ್ಲ ಬರುವ ಊರು.
ಅಜ್ಜನ ಒಲೆ. ಅಜ್ಜನ ಅಜ್ಜನದೂ ಇರಬಹುದು."
ಬಿಟ್ಟು ಹೋಗಲು ಕಾರಣ?
"ಇಲ್ಲ."
ಗುಟ್ಟು? ಗಾಯ?
ತುಸು ಯೋಚಿಸಿದ.
"ಎಡಗೈ ಸುಟ್ಟಿದೆ, ಒಲೆಯ ಬಾಗಿಲು ತಾಗಿ. ಊರಿಗೆಲ್ಲ ಗೊತ್ತು."

ಆಟದ ನಿಯಮ ಗೊತ್ತಲ್ಲ, ವಿಲ್ನೇರ್, ಅಂದೆ.
ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.
ಬಸ್ಸಿನಲ್ಲಿ, ಬ್ಯಾಂಕಿನಲ್ಲಿ,
ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದಿರುವಾಗಲೂ
ಕೇಳುತ್ತಾರೆ ಅವನನ್ನು, ಎಲ್ಲಿಯವನು ನೀನು.
ಹೈಟಿ ಅನ್ನುತ್ತಾನೆ. ಹೈಟಿಯಲ್ಲಿ ಎಲ್ಲಿ? ಪೋರ್-ದ-ಪೇ.
ಹೂಂ ಅನ್ನುತ್ತಾರೆ, ಆ ಊರನ್ನು ಕಂಡವರ ಹಾಗೆ.
ನಾನೂ ಕೇಳಿದ್ದೆ, ಟಿಕೆಟ್ ಹರಿಯುತ್ತಾ.
ಆರು ವರ್ಷ ಕೈಬದಲಾಗಿ ಅಂಚು ಸವೆದ ಉತ್ತರ,
ಚಿಲ್ಲರೆ ನಾಣ್ಯದ ಹಾಗೆ.

ಅಷ್ಟರಲ್ಲಿ ಯೆರ್ಕೊ ಸುಮ್ಮನಿರಲಾರದೆ ದಾಳ ಎಸೆದ.
ಅದು ಮೇಜಿನಿಂದ ಜಿಗಿದು, ಹಲಗೆಯ ಸಂದಿಯಲ್ಲಿ ಇಳಿದು
ಕೆಳಗೆ ಗುಳುಂ.
ಎಲ್ಲರೂ ಬಗ್ಗಿ ಟಾರ್ಚ್ ಬಿಟ್ಟೆವು. ಕರಿ ನೀರು.
ಬಗ್ಗಿದಲ್ಲಿಂದಲೇ ಮಿಯಾರಾಯ್ ಅಂದಳು,
"ಇರಲಿ ಬಿಡು. ಬರುವವರಿಗೆ ಬಾಗಿಲು ತೆಗೆಯಲು ಒಬ್ಬ ಬೇಕಲ್ಲ."

ಹಾಗೆ ಶುರು: ನಡುರಾತ್ರಿ, ಎರಡನೆಯ ಚಂದ್ರನೂ ಮುಳುಗಿದ್ದಾನೆ.
ಮೂವರು ಪರದೇಶಿಗಳು ಒಂದು ಕದ ತಟ್ಟುತ್ತಾರೆ.
ಕೊಂಬಿನವನು ಮುಸುಕನ್ನು ಹುಬ್ಬಿನವರೆಗೆ ಎಳೆದುಕೊಂಡ.
ಹೆಸರಿಲ್ಲದವನು ನನ್ನ ಮೂರು ಪುಟ ತೊಡೆಯ ಮೇಲೆ ಹರಡಿ
ಗಂಟಲು ಸರಿಮಾಡಿಕೊಂಡ.
ಆ ಒಂದು ಪ್ರಶ್ನೆಗೆ ಕಾದೆವು.

ವಿಲ್ನೇರ್ ಕುರ್ಚಿಯಿಂದೆದ್ದ. ಇಲ್ಲದ ಅಗುಳಿ ಸರಿಸಿದ.
ಇಲ್ಲದ ಹಿಟ್ಟನ್ನು ಅಂಗೈಯಿಂದ ಕೊಡವಿದ.
"ಎಷ್ಟು ಜನ?" ಅಂದ.
ಅವನೇ ಬೆರಳು ಮಾಡಿ ಎಣಿಸಿದ, ನನ್ನನ್ನೂ ಸೇರಿಸಿ.
"ನಾಲ್ಕು. ಕೂತಿರಿ, ಈಗಷ್ಟೇ ಒಲೆಗೆ ಹಾಕಿದ್ದೇನೆ."

ರೊಸಾಮೆಲ್ ಪುಟಗಳನ್ನು ಮಡಿಚಿ ಜೇಬಿಗಿಟ್ಟ.
ಇಳಿತ ಬೆಳಗಿನ ಐದಕ್ಕೆ.
ಬೂಟು ಹಾಕಿಕೊಂಡು ಹೋಗಿ ಕೆಸರಿನಲ್ಲಿ ದಾಳ ಹುಡುಕಬೇಕು.